ಬಿಸಿಲೂರಿನಲ್ಲೂ ಬಿಸಿಲಿನ ಬರ!

‘ಮಸ್ಕಿಯಲ್ಲಿ ಬಿಸಿಲಿಗೇನು ಬರ?’ ಅಂತ ನಗಬೇಡಿ. ಸೊಂಟನೋವು, ಸುಸ್ತು ಅಂತ ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದರೆ ನನ್ನ ವಿಟಮಿನ್ ‘ಡಿ’ ಬರೀ 11! ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎಂದೇ ಲೆಕ್ಕ.

ಬಿಸಿಲಿಗೆ ಹೆದರಿ ನಾವು ದಿನವಿಡೀ ಒಳಗೇ ಇರ್ತೀವಿ, ಹೊರಗೆ ಹೊರಟರೆ ಮೈತುಂಬ ಸೆರಗು. ಕಿಟಕಿ ಪಕ್ಕ ಕೂತರೂ ಉಪಯೋಗವಿಲ್ಲ, ಬೇಕಾದ ಕಿರಣ ಗಾಜು ದಾಟುವುದಿಲ್ಲ. ಮುಂಜಾನೆಯ ಎಳೆಬಿಸಿಲೂ ಸಾಲದು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ನಮ್ಮಲ್ಲಿ ಬೇಸಿಗೆಯಲ್ಲಿ ಹತ್ತು ಗಂಟೆಗೆ, ಚಳಿಗಾಲದಲ್ಲಿ ಹನ್ನೊಂದರ ಮೇಲೆ. ಅದೇ ಸಂಡಿಗೆ, ಬಟ್ಟೆ ಒಣಹಾಕಲು ಮಾಳಿಗೆ ಹತ್ತುವ ಹೊತ್ತು! ಕಪ್ಪಾಗುವ ಚಿಂತೆಯಿದ್ದರೆ ಮುಖ ಮುಚ್ಚಿಕೊಳ್ಳಿ. ಕೈ, ಕಾಲಿಗೆ ಹದಿನೈದಿಪ್ಪತ್ತು ನಿಮಿಷ ಬಿಸಿಲು ಬೀಳಲಿ. ನಮ್ಮ ಕಂದು ಚರ್ಮಕ್ಕೆ ಹೊತ್ತು ಸ್ವಲ್ಪ ಹೆಚ್ಚೇ ಬೇಕು. ಏಪ್ರಿಲ್-ಮೇನಲ್ಲಿ ಮಾತ್ರ ಚುರುಗುಟ್ಟುವ ಮೊದಲೇ ಒಳಗೆ ಬನ್ನಿ.

ಮೊಟ್ಟೆಯ ಹಳದಿ, ಮೀನು ತಿನ್ನುವವರಿಗೆ ಒಂದಿಷ್ಟು ಸಿಗುತ್ತದೆ. ಉಳಿದವರು ‘ಡಿ’ ಸೇರಿಸಿದ ಹಾಲಿನ ಪ್ಯಾಕೆಟ್ ನೋಡಿ ತನ್ನಿ.

60,000 ಯೂನಿಟ್‌ನ ಪುಡಿಯನ್ನು ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದು ಬರೀತಾರೆ. ಬೇಗ ಗುಣವಾಗಲಿ ಅಂತ ಪಕ್ಕದ ಮನೆಯ ಅಕ್ಕ ಅದನ್ನು ದಿನಾ ನುಂಗುತ್ತಿದ್ದರು! ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು. ಸದ್ಯ, ಚೀಟಿ ಓದಿ ನಿಲ್ಲಿಸಿದೆವು.

ನಾನಂತೂ ಈಗ ಬಟ್ಟೆ ಒಣಹಾಕುವುದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.