ಮರಕ್ಕೆ ಜೋತು ಕಾಯುವ ಬೇಟೆಗಾರನೂ ಮಳೆಗಾಳಿಯೂ

ಅಡಿಕೆ ತೋಟದಲ್ಲಿ ಕೊನೆ ಇಳಿಸುವವರನ್ನು ನೋಡಿದವರಿಗೆ ಒಂದು ಚಿತ್ರ ಮರೆಯುವುದಿಲ್ಲ. ಮರದ ತುದಿಯಲ್ಲಿ, ಹಗ್ಗ ಕಟ್ಟಿದ ಸಣ್ಣ ಮಣೆಯ ಮೇಲೆ ಕೂತು, ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟುಕೊಂಡ ಮನುಷ್ಯ. ಗಾಳಿ ಬಂದರೆ ಮರ ತೂಗುತ್ತದೆ, ಮರದೊಡನೆ ಅವನೂ ತೂಗುತ್ತಾನೆ. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರಲ್ಲಿ ಅನೇಕರು ಈಗ ಹೆಚ್ಚುಕಡಿಮೆ ಇದೇ ಭಂಗಿಯಲ್ಲಿ ಕಾಯುತ್ತಾರೆ. ಅವರ ಸಾಧನದ ಹೆಸರು ‘ಟ್ರೀ ಸ್ಯಾಡಲ್’. ಸ್ಯಾಡಲ್ ಎಂದರೆ ಜೀನು. ಆದರೆ ಇಲ್ಲಿ ಕುದುರೆ ಇಲ್ಲ.

ಇದು ಸೊಂಟದಿಂದ ತೊಡೆಯವರೆಗೆ ಸುತ್ತಿಕೊಳ್ಳುವ ಗಟ್ಟಿ ಬಟ್ಟೆಯ ಜೋಲಿ. ಅದರ ಎರಡು ಬದಿಗಳನ್ನು ಒಂದು ಗಿಡ್ಡ ಹಗ್ಗ ಸೇರಿಸುತ್ತದೆ. ಆ ಹಗ್ಗವನ್ನು, ಕಾಂಡಕ್ಕೆ ತಲೆಯೆತ್ತರದಲ್ಲಿ ಬಿಗಿದ ಇನ್ನೊಂದು ಹಗ್ಗಕ್ಕೆ ಕೊಕ್ಕೆ ಹಾಕಿ ತಗುಲಿಸುತ್ತಾರೆ. ಪಾದಕ್ಕೆ ಅಂಗೈಯಗಲದ ಒಂದು ಮೆಟ್ಟಿಲು. ಬೇಟೆಗಾರನ ಮುಖ ಕಾಂಡದ ಕಡೆಗಿರುವುದರಿಂದ, ಜಿಂಕೆ ಬಂದ ದಿಕ್ಕಿಗೆ ಮರವನ್ನೇ ಅಡ್ಡ ಮಾಡಿಕೊಂಡು ಸುತ್ತಬಹುದು. ಹಲಗೆಯ ಅಟ್ಟಣೆಯನ್ನು ವಾರಗಳ ಮೊದಲೇ ಕಟ್ಟಿಡಬೇಕು. ಜೋಲಿಯಾದರೆ ಬೆನ್ನ ಚೀಲದಲ್ಲಿ ಬರುತ್ತದೆ; ಯಾವ ಮರ ಎಂಬುದನ್ನು ಅಂದಿನ ಗಾಳಿ ನೋಡಿ ಅಲ್ಲೇ ನಿರ್ಧರಿಸಬಹುದು. ಇದರ ಮುಖ್ಯ ಲಾಭ ಇದೇ.

ಏಕೆಂದರೆ ಅಲ್ಲಿನ ಬಿಳಿಬಾಲದ ಜಿಂಕೆ ಕಣ್ಣನ್ನು ಅನುಮಾನಿಸಬಹುದು, ಕಿವಿಯನ್ನು ಅನುಮಾನಿಸಬಹುದು, ಮೂಗನ್ನು ಮಾತ್ರ ಅನುಮಾನಿಸುವುದಿಲ್ಲ. ಮನುಷ್ಯನ ವಾಸನೆ ಸಿಕ್ಕಿತೋ, ಬಾಲ ಎತ್ತಿ ಓಡಿತು. ಇಪ್ಪತ್ತು ಅಡಿ ಎತ್ತರದಲ್ಲಿ ಕೂತರೂ ವಾಸನೆ ಅಲ್ಲೇ ನಿಲ್ಲುವುದಿಲ್ಲ. ಬೆಳಗಿನ ಬಿಸಿಲೇರಿದಂತೆ ಗುಡ್ಡದ ಗಾಳಿ ಮೇಲಕ್ಕೆ ಹತ್ತುತ್ತದೆ. ಸಂಜೆ ತಣ್ಣಗಾದ ಗಾಳಿ ನೀರಿನಂತೆ ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ. ಬೆಳಿಗ್ಗೆ ಒಳ್ಳೆಯದಾಗಿದ್ದ ಮರ ಸಂಜೆಗೆ ಕೆಟ್ಟದ್ದಾಗುವುದು ಹೀಗೆ. ಗಾಳಿಯ ದಾರಿ ತಿಳಿಯಲು ಅಲ್ಲಿನ ಬೇಟೆಗಾರರು ಒಂದು ಗಿಡದ ಅರಳೆಯನ್ನು ಎಳೆ ಎಳೆಯಾಗಿ ಹಾರಿಬಿಡುತ್ತಾರೆ. ಆ ಗಿಡ ನಮ್ಮ ಎಕ್ಕದ ಹತ್ತಿರದ ಬಂಧು. ಎಕ್ಕದ ಕಾಯಿ ಒಡೆದು ಬೀಜ ಹಾರಿಸಿ ಆಡಿದ ಮಕ್ಕಳಿಗೆ ಈ ವಿದ್ಯೆ ಹೊಸತಲ್ಲ.

ಒಂದೇ ದಿಕ್ಕಿನಿಂದ ಬೀಸುವ ಗಾಳಿಯನ್ನು ಬೇಟೆಗಾರ ದ್ವೇಷಿಸುವುದಿಲ್ಲ, ಬಯಸುತ್ತಾನೆ. ಗಾಲಿಗಳುಳ್ಳ ಆಧುನಿಕ ಬಿಲ್ಲನ್ನು ರೂಪಿಸಿದವನು ಮಿಸೌರಿಯ ಹಾಲೆಸ್ ವಿಲ್ಬರ್ ಆಲನ್. 1966ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಅದು ಸಿಕ್ಕಿದ್ದು 1969ರಲ್ಲಿ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರು ಹೋಗುತ್ತದೆ. ಶಬ್ದದ ವೇಗ 340 ಮೀಟರು. ಅಂದರೆ 25 ಮೀಟರು ದೂರದ ಜಿಂಕೆಗೆ ಬಾಣಕ್ಕಿಂತ ಮೊದಲು ಹೆದೆಯ ಸದ್ದು ಮುಟ್ಟುತ್ತದೆ. ಅಷ್ಟರಲ್ಲಿ ಅದು ಮೈ ಕುಗ್ಗಿಸಿ ನೆಗೆಯಲು ಸಿದ್ಧವಾಗಿರುತ್ತದೆ. ಎಲೆಗಳು ಮರ್ಮರಿಸುತ್ತಿದ್ದರೆ ಆ ಸದ್ದು ಮುಚ್ಚಿಹೋಗುತ್ತದೆ. ಜೋಲಿಯ ಕೊಕ್ಕೆ ಕಿರ್ರೆಂದರೂ ಕೇಳುವುದಿಲ್ಲ.

ಆದರೆ ಗಾಳಿ ಜೋರಾದರೆ ಕಾಂಡ ಒಂದು ಕಡೆಗೆ, ಜೋಲಿ ಇನ್ನೊಂದು ಕಡೆಗೆ. ಗುರಿ ಹಿಡಿಯುವುದು ಆಗದ ಮಾತು. ತಿಳಿದವರು ದಪ್ಪ ಕಾಂಡ ಹುಡುಕುತ್ತಾರೆ, ಕೆಳಗೆ ಕೂರುತ್ತಾರೆ. ಒಣಗಿದ ಮರದ ಹತ್ತಿರ ಸುಳಿಯುವುದಿಲ್ಲ. 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾದ ಒಂದು ಹಸಿರು ದುಂಬಿ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿರುವುದರಿಂದ ಈ ಎಚ್ಚರ ಈಗ ಇನ್ನೂ ಹೆಚ್ಚು ಬೇಕು.

ಮಳೆಯ ಲೆಕ್ಕ ಬೇರೆ. ತುಂತುರು ಮಳೆಯಲ್ಲಿ ತರಗೆಲೆ ಮೆತ್ತಗಾಗಿ ಹೆಜ್ಜೆಯ ಸದ್ದಡಗುತ್ತದೆ. ನಡೆದು ಬಂದ ದಾರಿಯ ವಾಸನೆಯೂ ತೊಳೆದುಹೋಗುತ್ತದೆ. ಜಡಿಮಳೆ ನಿಂತ ಮೇಲೆ ಜಿಂಕೆಗಳು ಮೇಯಲು ಹೊರಬೀಳುವುದೂ ಉಂಟು. ಇಷ್ಟೆಲ್ಲ ಅನುಕೂಲವಿದ್ದರೂ ಅನುಭವಿಗಳು ಜಡಿಮಳೆಯಲ್ಲಿ ಬಾಣ ಬಿಡಲು ಹಿಂಜರಿಯುತ್ತಾರೆ. ಕಾರಣ ಹಗ್ಗವಲ್ಲ, ರಕ್ತ.

ಬಾಣ ತಗುಲಿದ ಜಿಂಕೆ ಸಾಮಾನ್ಯವಾಗಿ ನಿಂತಲ್ಲೇ ಬೀಳುವುದಿಲ್ಲ, ಓಡುತ್ತದೆ. ಕೂಡಲೇ ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತದೆ. ಆದ್ದರಿಂದ ಅರ್ಧ ಗಂಟೆಯಾದರೂ ಮರದಲ್ಲೇ ಕಾದು, ಆಮೇಲೆ ಎಲೆಯ ಮೇಲಿನ ರಕ್ತದ ಹನಿ ಹಿಡಿದು ಹೋಗಬೇಕು. ಬಾಣ ಹೊಟ್ಟೆಗೆ ಬಿದ್ದಿದ್ದರೆ ಎಂಟು ಹತ್ತು ಗಂಟೆ ಬಿಡಬೇಕು. ಜಡಿಮಳೆಗೆ ಈ ಹನಿಗಳನ್ನು ಅಳಿಸಲು ಅಷ್ಟು ಹೊತ್ತು ಬೇಡ. ಪ್ರಾಣಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಮಾಂಸವೂ ಇಲ್ಲ, ಮನಸ್ಸಿಗೆ ನೆಮ್ಮದಿಯೂ ಇಲ್ಲ. ಇಂಥ ಪ್ರಾಣಿಯನ್ನು ಹುಡುಕಲು ಹಗ್ಗ ಹಾಕಿದ ನಾಯಿಯನ್ನು ಬಳಸುವುದಕ್ಕೆ ಹಲವು ರಾಜ್ಯಗಳು ಅನುಮತಿ ಕೊಟ್ಟಿವೆ. ಆದರೂ ಬಿಲ್ಲನ್ನು ಎತ್ತದೆ ಕೂತು ತೊಯ್ದು ಇಳಿಯುವವನೇ ಮೇಲು ಎನಿಸುತ್ತದೆ. ಇಳಿಯುವಾಗ ಅವನ ಪಾಲಿನ ಅಪಾಯವೂ ಇದೆ. ಒದ್ದೆ ಹಗ್ಗದ ಗಂಟು ಸರಾಗವಾಗಿ ಜಾರದು, ಲೋಹದ ಮೆಟ್ಟಿಲು ಮಾತ್ರ ಜಾರುತ್ತದೆ. ಗುಡುಗು ಕೇಳಿದ ಮೇಲೂ ಮರದಲ್ಲಿರುವುದು ಹುಚ್ಚುತನ.

ನಮ್ಮಲ್ಲಿ ಈ ಕಾಯುವ ಬೇಟೆಗೆ ಮಲೆನಾಡಿನವರು ‘ಮರಸು’ ಎನ್ನುತ್ತಿದ್ದರು. ಹಣ್ಣುದುರುವ ಮರದಲ್ಲೋ ನೀರಿನ ಗುಂಡಿಯ ಬಳಿಯೋ ರಾತ್ರಿ ಮರಸು ಕೂರುವುದು. ಉತ್ತರದ ಕುಮಾವೂನಿನಲ್ಲಿ ನರಭಕ್ಷಕಗಳ ಬೆನ್ನು ಹತ್ತಿದ ಜಿಮ್ ಕಾರ್ಬೆಟ್ ಗಾಳಿಯ ಬಗ್ಗೆ ವಿಚಿತ್ರವಾದ ಒಂದು ಮಾತು ಬರೆದಿದ್ದಾನೆ: ಮನುಷ್ಯನ ಮೂಗು ಎಷ್ಟು ಮಂಕೆಂಬುದು ಹುಲಿಗೆ ಗೊತ್ತಿಲ್ಲ, ಜಿಂಕೆಗೆ ಹೊಂಚು ಹಾಕುವಂತೆಯೇ ಮನುಷ್ಯನಿಗೂ ಅದು ಗಾಳಿಯ ಇಳಿಮುಖದಲ್ಲೇ ಹೊಂಚು ಹಾಕುತ್ತದೆ. ಹಾಗಾಗಿ ಗಾಳಿ ಹೋಗುವ ಕಡೆಗೇ ಅವನು ಹೆಚ್ಚು ಕಣ್ಣಿಡುತ್ತಿದ್ದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮರಸು ಅಪರಾಧ, ಆಗಬೇಕಾದದ್ದೇ. ಅಮೆರಿಕದಲ್ಲಿ ಪರವಾನಗಿ ಪಡೆದು ಆಡುವ ಬೇಟೆ ಕಾನೂನಿಗೆ ಒಳಪಟ್ಟದ್ದು. 1937ರ ಕಾಯ್ದೆಯೊಂದರ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಬಿಲ್ಲುಬಾಣದ ತೆರಿಗೆ ಅದಕ್ಕೆ ಸೇರಿದ್ದೂ, ಕಾಕತಾಳೀಯವಾಗಿ, 1972ರಲ್ಲೇ.

ನಮ್ಮಲ್ಲಿ ಮರದ ಮೇಲಿನ ಅಟ್ಟಣೆ ಮಾತ್ರ ಉಳಿದಿದೆ. ಬಂಡೀಪುರ, ನಾಗರಹೊಳೆಯ ಅಂಚಿನ ರೈತರು ಆನೆ ಹಂದಿ ಕಾಯಲು ಅದರಲ್ಲಿ ಕೂರುತ್ತಾರೆ. ಅವರಿಗೆ ಅಡಗುವ ಗರಜಿಲ್ಲ. ಬೆಂಕಿ ಹಾಕುತ್ತಾರೆ, ಕೂಗುತ್ತಾರೆ, ಗಾಳಿ ಯಾವ ಕಡೆಗೆ ಬೀಸಿದರೂ ಚಿಂತೆಯಿಲ್ಲ. ಮಳೆ ಸುರಿಯುವ ರಾತ್ರಿ ಮಾತ್ರ ಬೆಂಕಿ ಹತ್ತುವುದಿಲ್ಲ, ಆನೆ ರಾಗಿ ಹೊಲಕ್ಕೆ ಇಳಿದದ್ದೂ ಕಿವಿಗೆ ಬೀಳುವುದಿಲ್ಲ.