ಕಲ್ಲಾದ ಕವಡೆಗೊಂದು ಹೆಸರು

ಚೌಕಾಬಾರದಲ್ಲಿ ಉರುಳಿಸುವ ಕವಡೆಯು ಕಡಲ ಬಸವನಹುಳುವೊಂದರ ಚಿಪ್ಪು. ಹಾಗಾದರೆ ಬಸವನಹುಳುವಿನ ಸುರುಳಿ ಅದರಲ್ಲೆಲ್ಲಿ? ಎಳೆಯ ಕವಡೆಯಲ್ಲಿ ಅದು ಸ್ಪಷ್ಟವಾಗಿಯೇ ಇರುತ್ತದೆ. ಬಲಿತಂತೆ ಕೊನೆಯ ಸುತ್ತು ಹಿಂದಿನ ಸುತ್ತುಗಳನ್ನು ಮುಚ್ಚುತ್ತದೆ. ಬಾಯಿಯ ಅಂಚು ಒಳಕ್ಕೆ ಮಡಿಚಿಕೊಂಡು ಅದರಲ್ಲಿ ಹಲ್ಲುಗಳು ಮೂಡುತ್ತವೆ. ಎಳೆಯದೂ ಬಲಿತದ್ದೂ ಒಂದೇ ಪ್ರಾಣಿಯವೆಂದು ನಂಬುವುದೇ ಕಷ್ಟ.

ಪಳೆಯುಳಿಕೆಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಜೀವಂತ ಕವಡೆಗಳನ್ನು ಗುರುತಿಸಲು ನೆರವಾಗುವ ಬಣ್ಣ, ಚುಕ್ಕೆಗಳು ಅವುಗಳಲ್ಲಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತವೆ. ಮೃದುವಾದ ಒಡಲಂತೂ ಉಳಿಯದು. ಆದುದರಿಂದ ವಿಜ್ಞಾನಿಯು ಚಿಪ್ಪಿನ ಉದ್ದ, ಅಗಲ, ಎತ್ತರಗಳನ್ನು ಅಳೆದು, ಹಲ್ಲುಗಳನ್ನು ಎಣಿಸಿ, ತುದಿಗಳ ಆಕಾರವನ್ನು ಹೋಲಿಸಬೇಕು. ಇದಕ್ಕೆ ಒಂದೇ ಮಾದರಿ ಸಾಲದು. ಎಳೆಯವೂ ಬಲಿತವೂ ಹಲವು ಬೇಕು. ಇಲ್ಲವಾದರೆ ಒಂದೇ ಪ್ರಭೇದಕ್ಕೆ ಎರಡು ಹೆಸರುಗಳು ಬಿದ್ದು, ಎಂದೂ ಇಲ್ಲದಿದ್ದ ಪ್ರಾಣಿಯೊಂದು ಭೂಮಿಯ ಚರಿತ್ರೆಯನ್ನು ಹೊಕ್ಕೀತು.

ಆಕಾರವೊಂದನ್ನೇ ನಂಬಿ ನಡೆದ ಇಂಥ ವಿಂಗಡಣೆಗೆ ಆಸ್ಟ್ರೇಲಿಯದಲ್ಲೊಂದು ಒಳ್ಳೆಯ ನಿದರ್ಶನವಿದೆ. ಕೊಕ್ಕಿನಂತೆ ಚಾಚಿದ ತುದಿಗಳುಳ್ಳ ಪಳೆಯುಳಿಕೆಯೊಂದನ್ನು ಸೊವರ್ಬಿಯು 1845ರಲ್ಲಿ ವರ್ಣಿಸಿ, ‘ಸೈಪ್ರಿಯ ಎಕ್ಸಿಮಿಯ’ ಎಂದು ಹೆಸರಿಟ್ಟನು. ಅಂದು ಕವಡೆಗಳಿಗೆ ಸಾಮಾನ್ಯವಾಗಿ ‘ಸೈಪ್ರಿಯ’ ಎಂಬುದೇ ಕುಲನಾಮವಾಗಿತ್ತು. ಮುಂದೆ ಆ ದೊಡ್ಡ ಕುಲವನ್ನು ಒಡೆದಾಗ ಇದು ‘ಅಂಬಿಲಿಯ’ ಕುಲಕ್ಕೆ ಸೇರಿತು. ಲ್ಯಾಟಿನ್ನಿನಲ್ಲಿ ಹೊಕ್ಕುಳೆಂಬ ಅರ್ಥವುಳ್ಳ ಪದದಿಂದ ಹುಟ್ಟಿದ ಈ ಹೆಸರು, ಸುರುಳಿಯಿದ್ದೆಡೆಯಲ್ಲಿ ಕಾಣುವ ಕುಳಿಯನ್ನು ಸೂಚಿಸುತ್ತದೆ. ‘ಎಕ್ಸಿಮಿಯ’ ಎಂಬ ಪ್ರಭೇದನಾಮ ಮಾತ್ರ ಹಾಗೆಯೇ ಉಳಿದಿದೆ.

ಅದೇ ಕುಲದ ‘ಅಂಬಿಲಿಯ ಹೆಸಿಟೇಟ’ ಇಂದಿಗೂ ಆಗ್ನೇಯ ಆಸ್ಟ್ರೇಲಿಯದ ಕಡಲತಳದಲ್ಲಿ ಜೀವಿಸುತ್ತಿದೆ. ಕಲ್ಲಾದ ಚಿಪ್ಪಿಗೂ ಜೀವಂತ ಕವಡೆಗೂ ಇರುವ ಈ ನಂಟು ತಿಳಿದುಬಂದುದು ಸಹನೆಯಿಂದ ಅಳೆದು, ಎಣಿಸಿ, ಹೋಲಿಸಿದುದರಿಂದಲೇ.