ಯಂತ್ರ ಬರೆಯುವ ಉತ್ತರ, ಏಜೆಂಟರ ಹೊಣೆ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ನ್ಯೂಯಾರ್ಕ್, ಜರ್ಸಿ ಸಿಟಿ, ಷಿಕಾಗೊಗಳಂತಹ ನಗರಗಳಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟಿಗಾಗಿ ರಾತ್ರಿ ಹನ್ನೊಂದು ಗಂಟೆಗೆ ವಿಚಾರಿಸಿ ಬರೆದರೂ ಇಂದು ಅರೆನಿಮಿಷದಲ್ಲಿ ಉತ್ತರ ಬರುವುದುಂಟು. ಅದರಲ್ಲಿ ನಮ್ಮ ಉದ್ದನೆಯ ಹೆಸರೂ ತಪ್ಪಿಲ್ಲದೆ ಮೂಡಿರುತ್ತದೆ, ಸೌಜನ್ಯವಂತೂ ತುಂಬಿ ತುಳುಕುತ್ತಿರುತ್ತದೆ, ಕೆಳಗೆ ಏಜೆಂಟರ ಸಹಿಯಿರುತ್ತದೆ. ಆದರೆ ಆ ವೇಳೆಗೆ ಏಜೆಂಟರು ನಿದ್ರಿಸುತ್ತಿರಬಹುದು. ಉತ್ತರ ಬರೆದದ್ದು ಕೃತಕ ಬುದ್ಧಿಮತ್ತೆಯ ಒಂದು ಸಂದೇಶ ಸಾಧನ.

ಈ ವಿಷಯ ನಮ್ಮ ಸಂಘಕ್ಕೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಮಕ್ಕಳಲ್ಲಿ ಹಲವರು ರಿಯಲ್ ಎಸ್ಟೇಟ್ ಲೈಸೆನ್ಸ್ ಪಡೆದು ಈ ವೃತ್ತಿಗೆ ಇಳಿದಿದ್ದಾರೆ. ಊರಿನಿಂದ ಹೊಸದಾಗಿ ಬರುವ ಕುಟುಂಬಗಳು ವಿಮಾನ ಹತ್ತುವ ಮೊದಲೇ ಇಂತಹ ಸಂದೇಶಗಳನ್ನು ನಂಬಿ ಮನೆ ಹುಡುಕುತ್ತಿವೆ. ಇನ್ನು ಕೆಲವರು ಎರಡನೆಯ ಮನೆ ಕೊಂಡು ತಾವೇ ಮಾಲೀಕರಾಗಿದ್ದಾರೆ. ಬಾಡಿಗೆಯ ಮಾತುಕತೆಯಲ್ಲಿ ಮೂರು ಪಕ್ಷಗಳಿದ್ದರೆ, ಮೂರರಲ್ಲಿಯೂ ನಾವಿದ್ದೇವೆ.

‘ಲಕ್ಸುರಿ’ ಎಂಬ ಪದಕ್ಕೆ ಖಚಿತವಾದ ವ್ಯಾಖ್ಯೆಯೇನೂ ಇಲ್ಲ. ಜಾಹೀರಾತಿನವರ ಕೈಗೆ ಸಿಕ್ಕು ಸವೆದ ಪದಗಳಲ್ಲಿ ಅದೂ ಒಂದು. ಬಾಗಿಲಲ್ಲಿ ಡೋರ್‌ಮನ್, ಒಳಗೆ ಜಿಮ್, ಮೇಲೆ ಈಜುಕೊಳ ಇದ್ದರೆ ಸಾಮಾನ್ಯವಾಗಿ ಹಾಗೆ ಕರೆಯುತ್ತಾರೆ. ಇಂತಹ ಕಟ್ಟಡಗಳಲ್ಲಿ ಒಂದೊಂದು ಮನೆಗೂ ಹತ್ತಾರು ವಿಚಾರಣೆಗಳು ಬರುತ್ತವೆ, ಬೇಗ ಉತ್ತರಿಸಿದವರಿಗೇ ವ್ಯವಹಾರ ದಕ್ಕುತ್ತದೆ. ಈ ಅವಸರವೇ ಯಂತ್ರಕ್ಕೆ ಬಾಗಿಲು ತೆರೆಯಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಆ ಬಾಗಿಲು ಇನ್ನಷ್ಟು ಅಗಲವಾಯಿತು.

ಯಂತ್ರದ ಕೆಲಸದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಅಪಾರವಾದ ಬರಹರಾಶಿಯನ್ನು ಓದಿಸಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅದಕ್ಕೆ ರೂಢಿಸಿರುತ್ತಾರೆ. ಅದರ ಜೊತೆಗೆ ಏಜೆಂಟರು ಕಟ್ಟಡದ ವಿವರಗಳನ್ನು, ಬಾಡಿಗೆಯನ್ನು, ಖಾಲಿಯಿರುವ ಮನೆಗಳ ಪಟ್ಟಿಯನ್ನು ಒದಗಿಸುತ್ತಾರೆ. ಪಟ್ಟಿಯಲ್ಲಿರುವ ಸಂಗತಿಯನ್ನು ಕೇಳಿದರೆ ಉತ್ತರ ಬಹುಪಾಲು ಸರಿಯಾಗಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದಾಗ ತೊಡಕು. “ಮನೆಯ ಬಾಗಿಲು ಪೂರ್ವಕ್ಕಿದೆಯೇ?” ಎಂದು ನಮ್ಮವರೊಬ್ಬರು ಕೇಳಿದರೆನ್ನಿ. ತಿಳಿಯದು ಎನ್ನುವುದರ ಬದಲು, ಪೂರ್ವದ ಎಳೆಬಿಸಿಲನ್ನು ವರ್ಣಿಸಿ ಹೌದೆಂದು ಬರೆದುಬಿಡುವ ಸಂಭವ ಅದಕ್ಕೆ ಉಂಟು. ಅದು ಸುಳ್ಳು ಹೇಳುತ್ತಿಲ್ಲ, ಸತ್ಯ ಮತ್ತು ಸುಳ್ಳಿನ ಭೇದವೇ ಅದರ ಲೆಕ್ಕದೊಳಗಿಲ್ಲ. ಆದರೂ ಅದು ನಮ್ಮನ್ನು ಅರಿತೇ ಮಾತಾಡುತ್ತಿದೆಯೆಂಬ ಭ್ರಮೆ ನಮಗೆ ಬರುತ್ತದೆ. ಇದು ಹೊಸ ಭ್ರಮೆಯಲ್ಲ. 1966ರಲ್ಲಿ ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಸರಳವಾದ ಸಂಭಾಷಣಾ ಕಾರ್ಯಕ್ರಮವನ್ನು ಪ್ರಕಟಿಸಿದಾಗಲೂ, ಅದಕ್ಕೆ ಮನಸ್ಸಿದೆಯೆಂದು ಜನ ಭಾವಿಸಿದ್ದನ್ನು ಕಂಡು ಅವರೇ ಕಳವಳಗೊಂಡಿದ್ದರು.

ಆದ್ದರಿಂದ ನಾವು ನಮ್ಮ ಏಜೆಂಟರಿಗೆ ಹೇಳುವ ಮೊದಲ ಮಾತು: ಯಂತ್ರ ಕರಡು ಬರೆಯಲಿ, ಆದರೆ ಸಂಗತಿಗಳು ಕಡತದಿಂದಲೇ ಬರಲಿ, ಮತ್ತು ಕಳುಹಿಸುವ ಬೆರಳು ಮನುಷ್ಯನದಾಗಿರಲಿ. “ಅದನ್ನು ಯಂತ್ರ ಹೇಳಿತು, ನಾವಲ್ಲ” ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯೊಂದು ಏರ್ ಕೆನಡಾ ವಿಮಾನಯಾನ ಸಂಸ್ಥೆಯ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಮರಣದ ಸಂದರ್ಭದ ರಿಯಾಯಿತಿ ದರದ ಬಗ್ಗೆ ಸಂಸ್ಥೆಯ ಸಂವಾದ ಯಂತ್ರ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ನೀಡಿತ್ತು. ಯಂತ್ರದ ಮಾತಿಗೂ ಸಂಸ್ಥೆಯೇ ಹೊಣೆಯೆಂದು ತೀರ್ಮಾನವಾಗಿ ಪರಿಹಾರ ಕೊಡಬೇಕಾಯಿತು. ಅದು ಬೇರೆ ದೇಶದ ತೀರ್ಮಾನ, ಮೊತ್ತವೂ ಚಿಕ್ಕದು. ಆದರೂ ಅದರ ತರ್ಕವನ್ನು ಅಮೆರಿಕದ ಏಜೆಂಟರು ಅಲಕ್ಷಿಸುವಂತಿಲ್ಲ.

ಯಂತ್ರ ಓದಿದ ಬರಹಗಳು ಹಳೆಯವಾಗಿರಬಹುದು ಎಂಬುದೂ ಒಂದು ಅಪಾಯ. ನ್ಯೂಯಾರ್ಕ್ ರಾಜ್ಯದಲ್ಲಿ 2019ರ ಕಾನೂನು ಠೇವಣಿಯನ್ನು ಒಂದು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ನ್ಯೂಯಾರ್ಕ್ ನಗರದಲ್ಲಿ ಬಹುಕಾಲ ದಲ್ಲಾಳಿಯನ್ನು ಮಾಲೀಕರು ನೇಮಿಸಿದರೂ ದಲ್ಲಾಳಿಯ ಶುಲ್ಕವನ್ನು ಬಾಡಿಗೆದಾರರೇ ತೆರುತ್ತಿದ್ದರು. 2025ರ ಜೂನ್ 11ರಂದು ಜಾರಿಗೆ ಬಂದ ‘ಫೇರ್ ಆಕ್ಟ್’ ಪ್ರಕಾರ ದಲ್ಲಾಳಿಯನ್ನು ನೇಮಿಸಿದವರೇ ಶುಲ್ಕ ಕೊಡಬೇಕು. ದಶಕಗಳ ಹಳೆಯ ಪದ್ಧತಿಯನ್ನೇ ಓದಿ ಬೆಳೆದ ಯಂತ್ರ, ಮಾಲೀಕರ ಪರವಾಗಿ ಬರೆಯುವಾಗಲೂ ವಾರ್ಷಿಕ ಬಾಡಿಗೆಯ ಇಷ್ಟು ಶೇಕಡಾ ಕೊಡಿ ಎಂದು ನಯವಾಗಿ ಕೇಳಿಬಿಟ್ಟರೆ, ಅದು ಕಾನೂನಿನ ಉಲ್ಲಂಘನೆ.

ಇಷ್ಟಾದರೂ ಇವೆಲ್ಲ ಹಣದ ಪ್ರಶ್ನೆಗಳು. ನಿಜವಾದ ತೂಕವಿರುವುದು ಸಮಾನತೆಯ ಪ್ರಶ್ನೆಯಲ್ಲಿ.

ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ‘ಫೇರ್ ಹೌಸಿಂಗ್ ಆಕ್ಟ್’ಗೆ ಸಹಿ ಹಾಕಿದರು. ಜನಾಂಗ, ವರ್ಣ, ಧರ್ಮ, ರಾಷ್ಟ್ರಮೂಲಗಳ ಆಧಾರದಲ್ಲಿ ವಸತಿಯಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸಿತು. 1974ರಲ್ಲಿ ಲಿಂಗವೂ, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬಸ್ಥಿತಿಯೂ ಸೇರಿದವು. ಮನೆ ನಿರಾಕರಿಸುವುದಷ್ಟೇ ಅಲ್ಲ, ಇಂತಹ ಒಲವನ್ನು ಸೂಚಿಸುವ ಹೇಳಿಕೆ ಅಥವಾ ಜಾಹೀರಾತು ಕೂಡ ತಪ್ಪೆಂದು ಕಾನೂನು ಹೇಳುತ್ತದೆ. ಯಂತ್ರ ಬರೆದ ಸಂದೇಶವೂ ಹೇಳಿಕೆಯೇ.

ಯಂತ್ರವಾದರೋ ಮೆಚ್ಚಿಸುವ ಸ್ವಭಾವದ್ದು. “ಮಕ್ಕಳಿಲ್ಲದ ದಂಪತಿಗಳಿಗೆ ಹೇಳಿಮಾಡಿಸಿದ ಶಾಂತವಾದ ಕಟ್ಟಡ” ಎಂಬ ವಾಕ್ಯ ಅದಕ್ಕೆ ಸಲೀಸು, ಏಕೆಂದರೆ ಅಂತಹ ಸಾವಿರ ಜಾಹೀರಾತುಗಳನ್ನು ಅದು ಓದಿರಬಹುದು. “ಈ ಬಡಾವಣೆ ಸುರಕ್ಷಿತವೇ? ಶಾಲೆಗಳು ಒಳ್ಳೆಯವೇ? ಇಲ್ಲಿ ಎಂಥ ಜನರಿದ್ದಾರೆ?” ಎಂಬ ಪ್ರಶ್ನೆಗಳಿಗೂ ಅದು ಹಿಂಜರಿಯದೆ ಉತ್ತರಿಸಬಹುದು. ಜನರ ಮೂಲವನ್ನು ನೋಡಿ ಅವರನ್ನು ಒಂದು ಬಡಾವಣೆಯತ್ತ ತಿರುಗಿಸುವುದಕ್ಕೆ ಇಲ್ಲಿ ‘ಸ್ಟಿಯರಿಂಗ್’ ಎನ್ನುತ್ತಾರೆ, ಅದು ನಿಷಿದ್ಧ. ಶಾಲೆಗೆ ಶಿಕ್ಷಣ ಜಿಲ್ಲೆಯ ಮಾಹಿತಿಯನ್ನು, ಸುರಕ್ಷತೆಗೆ ಪೊಲೀಸ್ ಇಲಾಖೆಯ ಅಂಕಿಅಂಶಗಳನ್ನು ನೋಡಿರೆಂದು ಸೂಚಿಸಿ ಸುಮ್ಮನಾಗುವುದು ಏಜೆಂಟರ ರೂಢಿ. ಯಂತ್ರಕ್ಕೂ ಅದನ್ನೇ ವಿಧಿಸಬೇಕು.

ಇಲ್ಲಿ ನಮ್ಮ ಕನ್ನಡದ ಏಜೆಂಟರಿಗೆ ಒಂದು ಸಂಕಟವಿದೆ. ಹೊಸದಾಗಿ ಬಂದ ಕುಟುಂಬಕ್ಕೆ “ಬನ್ನಿ, ಆ ಕಟ್ಟಡದಲ್ಲಿ ನಮ್ಮವರು ತುಂಬ ಜನ ಇದ್ದಾರೆ, ದೇವಸ್ಥಾನವೂ ಹತ್ತಿರ” ಎಂದು ಹೇಳುವುದು ನಮ್ಮ ಸಂಸ್ಕಾರದಲ್ಲಿ ಆತ್ಮೀಯತೆ. ಸ್ನೇಹಿತರಾಗಿ ಹೇಳಿದರೆ ಅಡ್ಡಿಯಿಲ್ಲ, ಲೈಸೆನ್ಸ್ ಪಡೆದ ಏಜೆಂಟರಾಗಿ ಹೇಳಿದರೆ ಅದೇ ಸ್ಟಿಯರಿಂಗ್ ಆಗಬಲ್ಲುದು. ಇದು ಅತಿಯಾಯಿತೆಂದು ಹಲವರು ನಮ್ಮೊಡನೆ ವಾದಿಸಿದ್ದಾರೆ. ನಾವು ಕಾನೂನಿನ ಪಕ್ಷದಲ್ಲಿದ್ದೇವೆ. ನಮ್ಮನ್ನು ನಮ್ಮವರ ಬಳಿಗೆ ಕಳುಹಿಸುವ ನಾಲಿಗೆಯೇ ಇನ್ನೊಂದು ದಿನ ನಮ್ಮನ್ನು ಇನ್ನೊಂದು ಬಡಾವಣೆಯಿಂದ ದೂರವಿಡಬಲ್ಲುದು.

ಭೇದವೆಂದರೆ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವುದು ಎಂದು ತಿಳಿಯಬಾರದು. ಅಮೆರಿಕದ ವಸತಿ ಇಲಾಖೆಯಾದ ‘ಹಡ್’ 2012ರಲ್ಲಿ 28 ಮಹಾನಗರ ಪ್ರದೇಶಗಳಲ್ಲಿ, ಸಮಾನ ಅರ್ಹತೆಯ ಇಬ್ಬಿಬ್ಬರನ್ನು ಜೋಡಿಯಾಗಿ ಕಳುಹಿಸಿ ಪರೀಕ್ಷೆ ನಡೆಸಿತು. ಬಾಡಿಗೆ ಕೇಳಿದ ಏಷ್ಯಾ ಮೂಲದವರಿಗೆ ಬಿಳಿಯರಿಗಿಂತ ಶೇಕಡಾ 9.8ರಷ್ಟು ಕಡಿಮೆ ಮನೆಗಳ ಬಗ್ಗೆ ತಿಳಿಸಲಾಯಿತು, ತೋರಿಸಿದ್ದು ಶೇಕಡಾ 6.6ರಷ್ಟು ಕಡಿಮೆ. ಇದಕ್ಕೆ ಒರಟು ಮಾತೇ ಬೇಕಿಲ್ಲ. ಕೆಲವು ಮನೆಗಳನ್ನು ಹೇಳದೆ ಬಿಟ್ಟರೆ ಸಾಕು, ಅಷ್ಟೇ. ಹೋಲಿಸಿ ನೋಡುವ ತನಕ ಹಾನಿಗೊಳಗಾದವರಿಗೇ ಅದು ತಿಳಿಯದು. ಮನುಷ್ಯರ ಇಂತಹ ಬರಹಗಳಿಂದಲೇ ಕಲಿತ ಯಂತ್ರ ಹೆಸರನ್ನು ನೋಡಿ ಸ್ವರ ಬದಲಿಸುವುದಿಲ್ಲವೆಂದು ನಂಬಿ ಕೂರಲಾಗದು. ಆದ್ದರಿಂದ ಪ್ರತಿ ತಿಂಗಳೂ ತಮ್ಮ ಸಾಧನಕ್ಕೆ ಎರಡು ವಿಚಾರಣೆಗಳನ್ನು ಕಳುಹಿಸಿ ನೋಡಬೇಕೆಂದು ನಾವು ಏಜೆಂಟರಿಗೆ ಹೇಳುತ್ತೇವೆ. ಸಂಬಳ, ದಿನಾಂಕ, ಕೋಣೆಗಳ ಸಂಖ್ಯೆ ಒಂದೇ ಇರಲಿ, ಹೆಸರು ಮಾತ್ರ ಒಂದರಲ್ಲಿ ಇಂಗ್ಲಿಷಿನದು, ಇನ್ನೊಂದರಲ್ಲಿ ನಮ್ಮ ಕಡೆಯದು. ಎಷ್ಟು ಮನೆಗಳನ್ನು ಹೇಳಿತು, ನೋಡಲು ಎಷ್ಟು ಸಮಯಗಳನ್ನು ಸೂಚಿಸಿತು, ಮತ್ತೆ ವಿಚಾರಿಸಿ ಬರೆಯಿತೇ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಅರ್ಧ ಗಂಟೆಯ ಕೆಲಸ. ಮಾಡುವವರು ವಿರಳ.

ಕೆಲವು ಪ್ರಶ್ನೆಗಳನ್ನು ಯಂತ್ರ ಮುಟ್ಟಲೇಬಾರದು. ಸಾಕುಪ್ರಾಣಿ ನಿಷಿದ್ಧವಾದ ಕಟ್ಟಡದಲ್ಲಿ ಅಂಧರೊಬ್ಬರು ಮಾರ್ಗದರ್ಶಿ ನಾಯಿಯ ಬಗ್ಗೆ ಕೇಳಿದರೆ, ಯಂತ್ರ ನಿಯಮಾವಳಿಯನ್ನು ಓದಿ ‘ಇಲ್ಲ’ ಎನ್ನಬಹುದು. ಕಾನೂನಿನ ಕಣ್ಣಿನಲ್ಲಿ ಆ ನಾಯಿ ಸಾಕುಪ್ರಾಣಿಯೇ ಅಲ್ಲ. ಬಾಡಿಗೆಗೆ ಸರ್ಕಾರದ ವೋಚರ್ ನೆರವು ಪಡೆಯುವವರ ಪ್ರಶ್ನೆಯೂ ಹಾಗೆಯೇ. ಕೇಂದ್ರದ ಕಾನೂನು ಈ ಆಧಾರವನ್ನು ಹೆಸರಿಸುವುದಿಲ್ಲ, ಆದರೆ ನ್ಯೂಯಾರ್ಕ್ ನಗರ 2008ರಿಂದ, ನ್ಯೂಯಾರ್ಕ್ ರಾಜ್ಯ 2019ರಿಂದ, ಇಲಿನಾಯ್ 2023ರಿಂದ ಆದಾಯದ ಮೂಲವನ್ನು ನೋಡಿ ಭೇದ ಮಾಡುವುದನ್ನು ನಿಷೇಧಿಸಿವೆ. ಇಲಿನಾಯ್‌ನಲ್ಲಿ 2023ರಲ್ಲಿಯೇ, ಸಂವಾದ ಯಂತ್ರ ವೋಚರಿನವರನ್ನು ತಿರಸ್ಕರಿಸಿತೆಂದು ಆರೋಪಿಸಿ ದಾವೆ ಹೂಡಲಾಯಿತು, ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಲಕ್ಸುರಿ ಕಟ್ಟಡಕ್ಕೆ ವೋಚರಿನವರು ಏಕೆ ಬರುತ್ತಾರೆ ಎಂಬ ಉದಾಸೀನ ಏಜೆಂಟರಲ್ಲಿ ಸಾಮಾನ್ಯ. ಉತ್ತರಿಸದೆ ಬಿಡುವುದೂ ನಿರಾಕರಣೆಯೆನಿಸಬಹುದು ಎಂಬುದನ್ನು ಅವರು ಮರೆಯುತ್ತಾರೆ.

ಹೊಸಬರ ಆದಾಯದ ಪ್ರಶ್ನೆಯನ್ನೂ ಇದಕ್ಕೆ ಸೇರಿಸುತ್ತೇವೆ. ತಿಂಗಳ ಬಾಡಿಗೆಯ ನಲವತ್ತರಷ್ಟು ವಾರ್ಷಿಕ ಆದಾಯವಿರಬೇಕೆಂಬುದು ನ್ಯೂಯಾರ್ಕಿನ ರೂಢಿ. 5,000 ಡಾಲರ್ ಬಾಡಿಗೆಗೆ 2,00,000 ಡಾಲರ್ ಆದಾಯವೆಂದಾಯಿತು. ನಿನ್ನೆ ತಾನೆ ಬೆಂಗಳೂರಿನಿಂದ ಬಂದಿಳಿದವರಿಗೆ ಇಲ್ಲಿಯ ಕ್ರೆಡಿಟ್ ಇತಿಹಾಸವೂ ಇರುವುದಿಲ್ಲ. ಯಂತ್ರ ಲೆಕ್ಕ ಹಾಕಿ ಬಾಗಿಲು ಮುಚ್ಚುತ್ತದೆ. ಅನುಭವವುಳ್ಳ ಏಜೆಂಟರಾದರೆ ಜಾಮೀನುದಾರರಿದ್ದಾರೆಯೇ, ಜಾಮೀನು ನೀಡುವ ಕಂಪನಿಯನ್ನು ಕಟ್ಟಡದವರು ಒಪ್ಪುತ್ತಾರೆಯೇ ಎಂದು ವಿಚಾರಿಸುತ್ತಾರೆ.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇವೆ. 1991ರ ದೂರವಾಣಿ ಗ್ರಾಹಕ ರಕ್ಷಣಾ ಕಾನೂನಿನ ಮಿತಿಗಳು ಫೋನಿನ ಪಠ್ಯ ಸಂದೇಶಗಳಿಗೂ ಅನ್ವಯಿಸುತ್ತವೆ. ಮೀರಿದರೆ ಒಂದೊಂದು ಸಂದೇಶಕ್ಕೂ 500 ಡಾಲರ್, ಬೇಕೆಂದೇ ಮಾಡಿದರೆ 1,500 ಡಾಲರ್ ತನಕ ತೆರಬೇಕಾದೀತು. ಆದ್ದರಿಂದ ಯಂತ್ರದಿಂದ ಪ್ರಚಾರದ ಸಂದೇಶ ಕಳುಹಿಸುವ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು, ‘ಸ್ಟಾಪ್’ ಎಂದು ಬರೆದವರಿಗೆ ಮತ್ತೆ ಕಳುಹಿಸಬಾರದು. ಯಂತ್ರ ಮಾತಾಡುತ್ತಿದೆಯೆಂದು ತಿಳಿಸುವ ವಿಷಯದಲ್ಲಿ ಕ್ಯಾಲಿಫೋರ್ನಿಯಾ 2019ರಲ್ಲಿ, ಯೂಟಾ 2024ರಲ್ಲಿ ತಮ್ಮ ತಮ್ಮ ಮಿತಿಯೊಳಗೆ ಕಾನೂನು ತಂದಿವೆ. ನಮ್ಮ ಅಭಿಪ್ರಾಯದಲ್ಲಿ ಕಾನೂನು ಇರಲಿ ಬಿಡಲಿ, “ಈ ಉತ್ತರವನ್ನು ಯಂತ್ರದ ನೆರವಿನಿಂದ ಬರೆಯಲಾಗಿದೆ, ಏಜೆಂಟರೊಡನೆ ಮಾತಾಡಲು ಈ ಸಂಖ್ಯೆಗೆ ಕರೆಮಾಡಿ” ಎಂಬ ಒಂದು ಸಾಲನ್ನು ಮೊದಲ ಸಂದೇಶದಲ್ಲಿಯೇ ಬರೆಯಬೇಕು. ಪಾಸ್‌ಪೋರ್ಟ್, ವೀಸಾ ಪತ್ರ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಸಂಬಳದ ಚೀಟಿಗಳನ್ನು ಸಂದೇಶ ಸಾಧನಕ್ಕೆ ತುಂಬಲೇಕೂಡದು, ಅವುಗಳ ಜಾಗ ಅರ್ಜಿ ಸಲ್ಲಿಸುವ ಸುರಕ್ಷಿತ ತಾಣ.

ಮನೆ ಹುಡುಕುವವರಿಗೆ ಎರಡು ಮಾತು. ಸಂದೇಶದಲ್ಲಿ ಒಪ್ಪಿದ್ದು ಲೀಸ್ ಪತ್ರದಲ್ಲಿ ಇಲ್ಲದಿದ್ದರೆ ಅದನ್ನು ಆಧರಿಸಿ ವಾದಿಸುವುದು ಕಷ್ಟ, ಏಕೆಂದರೆ ಲಿಖಿತ ಲೀಸೇ ಪೂರ್ಣ ಒಪ್ಪಂದವೆಂಬ ಕಲಮು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೊದಲ ತಿಂಗಳ ರಿಯಾಯಿತಿ, ಕಾರು ನಿಲ್ಲಿಸುವ ಜಾಗ ಮುಂತಾದವನ್ನು ಲೀಸಿನಲ್ಲಿಯೇ ಬರೆಸಿಕೊಳ್ಳಿ. ಎರಡನೆಯದು ಮೋಸದ ವಿಚಾರ. ಹಿಂದೆ ವಂಚಕರ ಪತ್ರವನ್ನು ಕಾಗುಣಿತದ ತಪ್ಪುಗಳಿಂದ ಗುರುತಿಸುತ್ತಿದ್ದೆವು, ಈಗ ಅವರಿಗೂ ಯಂತ್ರ ಸಿಕ್ಕಿದೆ. ಮನೆಯನ್ನು ತಾವಾಗಲಿ, ನಂಬಿಕೆಯ ಸ್ನೇಹಿತರಾಗಲಿ ಕಣ್ಣಾರೆ ನೋಡುವ ಮೊದಲು ಹಣ ಕಳುಹಿಸಬೇಡಿ. ನ್ಯೂಯಾರ್ಕಿನಲ್ಲಿ ಏಜೆಂಟರ ಲೈಸೆನ್ಸನ್ನು ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್ ತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಮಾಲೀಕರಾದ ಬಂಧುಗಳಿಗೂ ಒಂದು ಎಚ್ಚರಿಕೆ. ತಾವು ವಾಸಿಸುವ, ನಾಲ್ಕು ಮನೆಗಳ ತನಕದ ಕಟ್ಟಡಕ್ಕೆ ಕೇಂದ್ರದ ಕಾನೂನಿನಲ್ಲಿ ಕೆಲವು ವಿನಾಯಿತಿಗಳುಂಟು. ಆ ವಿನಾಯಿತಿ ಜಾಹೀರಾತಿಗೆ ಅನ್ವಯಿಸದು. “ಭಾರತೀಯ ಕುಟುಂಬಕ್ಕೆ ಮಾತ್ರ” ಎಂದು ಯಂತ್ರದಿಂದ ಬರೆಸಿ ಪ್ರಕಟಿಸಿದರೂ, ಕೈಯಿಂದ ಬರೆದು ಅಂಗಡಿಯ ಫಲಕಕ್ಕೆ ಅಂಟಿಸಿದರೂ ತಪ್ಪು ಒಂದೇ. ಜನಾಂಗದ ವಿಷಯದಲ್ಲಂತೂ 1866ರ ನಾಗರಿಕ ಹಕ್ಕುಗಳ ಕಾನೂನು ಇಂತಹ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ.

ಭೇದ ನಡೆಯಿತೆಂದು ಅನ್ನಿಸಿದರೆ ಸಂದೇಶಗಳನ್ನು ಅಳಿಸದೆ, ದಿನಾಂಕ ಮತ್ತು ವೇಳೆ ಕಾಣುವಂತೆ ಪ್ರತಿ ತೆಗೆದಿಟ್ಟುಕೊಳ್ಳಿ. ಹಡ್ ಇಲಾಖೆಗೆ ದೂರು ಸಲ್ಲಿಸಲು ಘಟನೆಯಿಂದ ಒಂದು ವರ್ಷದ, ನ್ಯಾಯಾಲಯದಲ್ಲಿ ದಾವೆ ಹೂಡಲು ಎರಡು ವರ್ಷಗಳ ಅವಧಿಯಿದೆ. ದೂರು ಸಲ್ಲಿಸಲು ಶುಲ್ಕವಿಲ್ಲ.